ಗೋಪುರದಿಂದ ಬಾಡಿಗೆ ಮನೆಯವರೆಗೆ: ಬೊಲೊನ್ಯಾದ ಸಂರಕ್ಷಣೆ

ಚರ್ಚು, ಅರಮನೆಗಳನ್ನು ಉಳಿಸಿಕೊಂಡು ಸುತ್ತಲ ಸಾಮಾನ್ಯ ಮನೆಗಳನ್ನು ಕೆಡವಿದರೂ ಹಳೆಯ ಊರು ಉಳಿದಂತೆಯೇ ಎಂಬ ತಿಳಿವಳಿಕೆ ಇಟಲಿಯಲ್ಲಿ ಬಹುಕಾಲ ಇತ್ತು. ಬೊಲೊನ್ಯಾ ಅಷ್ಟನ್ನೂ ಪಾಲಿಸಲಿಲ್ಲ. 1902ರಿಂದ ಅದು ತನ್ನ ಕೋಟೆಗೋಡೆಯನ್ನೇ ಒಡೆಯತೊಡಗಿತು. ಮೊದಲ ಮಹಾಯುದ್ಧದ ಆಸುಪಾಸಿನಲ್ಲಿ ರಸ್ತೆ ಅಗಲೀಕರಣಕ್ಕೆಂದು ಮಧ್ಯಯುಗದ ಗೋಪುರಗಳನ್ನೂ ಉರುಳಿಸಿತು. ಅರ್ಧ ಶತಮಾನ ಕಳೆಯುವಷ್ಟರಲ್ಲಿ ಯುರೋಪಿನ ಯೋಜಕರು ಸಂರಕ್ಷಣೆ ಕಲಿಯಲು ಬಂದದ್ದು ಇದೇ ಊರಿಗೆ.

ತಾತ್ವಿಕ ತಳಹದಿ ಬೇರೆಡೆ ಸಿದ್ಧವಾಗಿತ್ತು. ಸಾಮಾನ್ಯರ ಮನೆಯ ನಕ್ಷೆಯಲ್ಲೂ ನಗರದ ಚರಿತ್ರೆ ಇರುತ್ತದೆಂದು ವಾಸ್ತುಶಿಲ್ಪಿ ಸವೆರಿಯೊ ಮುರಾತೋರಿ 1959ರಲ್ಲಿ ವೆನಿಸ್‌ ಕುರಿತ ಅಧ್ಯಯನದಲ್ಲಿ ತೋರಿಸಿದ್ದರು. ಮರುವರ್ಷ ಇಟಲಿಯ ಗುಬ್ಬಿಯೊ ಪಟ್ಟಣದಲ್ಲಿ ಹೊರಟ ಸನ್ನದು ಇಡೀ ಹಳೆಯ ಊರನ್ನೇ ಕಾಪಾಡಬೇಕೆಂದಿತು.

ಇದನ್ನು ಪಾಲಿಕೆಯ ಕಡತಕ್ಕೆ ಇಳಿಸಿದವರಲ್ಲಿ ಮುಖ್ಯರು ಪಿಯೆರ್ ಲುಯಿಜಿ ಚೆರ್ವೆಲ್ಲಾತಿ. 1936ರಲ್ಲಿ ಬೊಲೊನ್ಯಾದಲ್ಲೇ ಹುಟ್ಟಿದ ಈ ವಾಸ್ತುಶಿಲ್ಪಿ 1964ರಿಂದ 1980ರವರೆಗೆ, ಕಮ್ಯುನಿಸ್ಟರ ಹಿಡಿತದಲ್ಲಿದ್ದ ಪಾಲಿಕೆಯಲ್ಲಿ ಸಂಚಾರ, ಸಾರ್ವಜನಿಕ ವಸತಿ, ನಗರ ಯೋಜನೆಯ ಹೊಣೆ ಹೊತ್ತರು. ಸಂಚಾರ ಖಾತೆಯಿಂದ ಶುರು ಮಾಡಿದ್ದು ಒಳ್ಳೆಯದೇ ಆಯಿತೆನ್ನಬೇಕು. ಹಳೆಯ ಊರಿನ ಉಸಿರು ಕಟ್ಟಿಸುವುದು ಮೊದಲಿಗೆ ಕಾರೇ. ಪಾರ್ಕಿಂಗ್ ಜಾಗವಾಗಿಹೋಗಿದ್ದ ಪಿಯಾಜ್ಜಾ ಮಜ್ಜೋರೆ ಚೌಕ 1968ರಲ್ಲಿ ಮತ್ತೆ ಪಾದಚಾರಿಗಳ ಪಾಲಾಯಿತು.

ವಾಸ್ತುಶಿಲ್ಪ ಇತಿಹಾಸಕಾರ ಲಿಯೊನಾರ್ದೊ ಬೆನೆವೊಲೊ ಮುಂದಾಳುತನದ ಸಮೀಕ್ಷೆಯನ್ನು ಆಧರಿಸಿ 1969ರಲ್ಲಿ ಹಳೆಯ ಊರಿನ ಯೋಜನೆ ಬಂತು. ಅದು ಕಟ್ಟಡಗಳನ್ನು ವಿಂಗಡಿಸಿದ್ದು ಅಂದಚಂದ ನೋಡಿ ಅಲ್ಲ, ರಚನೆ ನೋಡಿ. ಕುಶಲಕರ್ಮಿಗಳ ಸಾಲುಮನೆಯನ್ನೇ ತೆಗೆದುಕೊಳ್ಳಿ: ಬೀದಿಗೆ ನಾಲ್ಕೈದು ಮೀಟರ್ ಮುಖ, ಮುಂದೆ ಕಂಬಸಾಲಿನ ಪೋರ್ಟಿಕೊ, ಒಳಗೆ ಉದ್ದಕ್ಕೆ ಚಾಚಿದ ಕೋಣೆಗಳು, ಇಕ್ಕಟ್ಟಿನ ಮೆಟ್ಟಿಲು, ಹಿಂದೆ ಹಿತ್ತಿಲು. ಈ ಅಳತೆಗೆ ಒಗ್ಗುವ ಬಳಕೆ ಯಾವುದು? ವಸತಿಯೇ. ಖಾಲಿ ಬಿದ್ದ ಕಾನ್ವೆಂಟಿನಂಥ ದೊಡ್ಡ ಕಟ್ಟಡಗಳು ಸಾರ್ವಜನಿಕ ಸೌಲಭ್ಯಗಳಿಗೆ ಸಾಕು.

ನಿಜವಾದ ಹೊಸತನ 1973ರ ವಸತಿ ಯೋಜನೆಯದು. 1962 ಮತ್ತು 1971ರ ವಸತಿ ಕಾನೂನುಗಳನ್ನು ಎಲ್ಲರೂ ಊರಾಚೆ ಖಾಲಿ ಜಮೀನಿನಲ್ಲಿ ಬಡಾವಣೆ ಕಟ್ಟಲು ಬಳಸುತ್ತಿದ್ದಾಗ, ಬೊಲೊನ್ಯಾ ಅವನ್ನೇ ಊರೊಳಗಿನ ಸಾನ್ ಲಿಯೊನಾರ್ದೊ, ಸೊಲ್ಫೆರಿನೊ, ಸಾಂತಾ ಕತೆರಿನಾದಂಥ ಬಡವರ ಕೇರಿಗಳಿಗೆ ಅನ್ವಯಿಸಿತು. ಜೀರ್ಣೋದ್ಧಾರ ಸರ್ಕಾರಿ ಹಣದಲ್ಲಿ, ಬಾಡಿಗೆದಾರ ಅಲ್ಲೇ. ಸಂರಕ್ಷಣೆ ಎಂಬುದು ಇಲ್ಲಿ ವಸತಿ ನೀತಿಯೇ ಆಯಿತು.

ಎಡವಿದ್ದು ಆಸ್ತಿಯ ಪ್ರಶ್ನೆಯಲ್ಲಿ. ಮನೆಗಳನ್ನು ಪಾಲಿಕೆ ಸ್ವಾಧೀನಪಡಿಸಿಕೊಳ್ಳುವ ಮೂಲ ಪ್ರಸ್ತಾವಕ್ಕೆ ಸಣ್ಣ ಮಾಲೀಕರು ತಿರುಗಿಬಿದ್ದರು. ಅವರೂ ಮತದಾರರೇ ತಾನೆ! ಆಡಳಿತ ಒಪ್ಪಂದಕ್ಕೆ ಇಳಿಯಿತು: ದುರಸ್ತಿಗೆ ಪಾಲಿಕೆಯ ಸಹಾಯಧನ, ಬದಲಿಗೆ ನಿಗದಿತ ವರ್ಷಗಳವರೆಗೆ ನಿಯಂತ್ರಿತ ಬಾಡಿಗೆ. ನನ್ನ ಮಟ್ಟಿಗೆ ಇಡೀ ಪ್ರಯೋಗದ ದೌರ್ಬಲ್ಯ ಇಲ್ಲೇ ಇದೆ. ಒಪ್ಪಂದದ ಅವಧಿ ಮುಗಿದರೆ ಬಾಡಿಗೆದಾರನ ರಕ್ಷಣೆಯೂ ಮುಗಿಯಿತು. ಕುಸಿದ ಮನೆಯ ಜಾಗದಲ್ಲಿ ಹಳೆಯ ಮಾದರಿಯಲ್ಲೇ ಹೊಸದು ಕಟ್ಟಿದ್ದು ನಕಲು ಎಂಬ ಟೀಕೆಯೂ ಬಂತು. ಅದು ಅಷ್ಟು ಗಂಭೀರವೆಂದು ನನಗನಿಸದು.

1974ರಲ್ಲಿ ಯುರೋಪ್ ಮಂಡಳಿಯ ವಿಚಾರಸಂಕಿರಣ ಬೊಲೊನ್ಯಾದಲ್ಲೇ ನಡೆಯಿತು. ಮರುವರ್ಷದ ಆಮ್‌ಸ್ಟರ್‌ಡ್ಯಾಮ್ ಘೋಷಣೆ, ಜೀರ್ಣೋದ್ಧಾರದ ನೆಪದಲ್ಲಿ ನಿವಾಸಿಗಳ ಸಾಮಾಜಿಕ ಸ್ವರೂಪ ತೀರಾ ಬದಲಾಗಬಾರದೆಂಬುದನ್ನು ಯುರೋಪಿನ ಸಾಮಾನ್ಯ ತತ್ವವಾಗಿಸಿತು. 2021ರಲ್ಲಿ ಬೊಲೊನ್ಯಾದ ಪೋರ್ಟಿಕೊಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿ ಸೇರಿದವು. ಆಯ್ದ 12 ಭಾಗಗಳಲ್ಲಿ ಸಾಂತಾ ಕತೆರಿನಾ ಬೀದಿಯೂ ಒಂದು. ಆ ಪಟ್ಟಿಗೆ ಪೋರ್ಟಿಕೊ ಸಾಕು. ಅದರ ಮೇಲಿನ ಮನೆಯ ಬಾಡಿಗೆ ಎಷ್ಟೆಂದು ಕೇಳಿದ್ದು 1973ರ ಯೋಜನೆ.