ನಮ್ಮ ಬೆಳಗ್ಗಿನ ಚಾಯಕ್ಕೆ ಗೋಧಿ ಬಂದ ಕಥೆ

ಸುಮಾರು 1342ರಲ್ಲಿ ಈ ಕರಾವಳಿಗೆ ಬಂದ ಇಬ್ನ್ ಬತೂತ ಮಂಗಳೂರನ್ನು 'ಮಂಜರೂರು' ಎಂದು ಕರೆದು, ಅಲ್ಲಿ ಫಾರ್ಸ್ ಮತ್ತು ಯೆಮನ್‌ನ ವರ್ತಕರನ್ನೂ ಸುಮಾರು 4,000 ಮುಸ್ಲಿಮರನ್ನೂ ಕಂಡದ್ದಾಗಿ ಬರೆದಿದ್ದಾನೆ. ಬ್ಯಾರಿಗಳ ಚರಿತ್ರೆ ಬರೆಯುವವರೆಲ್ಲ ಆ ಸಾಲನ್ನು ಎತ್ತಿಕೊಳ್ಳುತ್ತಾರೆ. ಆದರೆ ಅದೇ ಪ್ರವಾಸಿ ಹೊನ್ನಾವರದ ಊಟದ ಬಗ್ಗೆ ಬರೆದದ್ದನ್ನು ಹೆಚ್ಚಿನವರು ಓದುವುದಿಲ್ಲ. ಅಲ್ಲಿನ ಸುಲ್ತಾನನ ಮನೆಯಲ್ಲಿ ಅನ್ನ, ತುಪ್ಪ, ಕೋಳಿ, ಮಾವು ಮತ್ತು ಶುಂಠಿಯ ಉಪ್ಪಿನಕಾಯಿ, ಎಲ್ಲವೂ ಇತ್ತು. ರೊಟ್ಟಿ ಮಾತ್ರ ಇರಲಿಲ್ಲ. ಒಮ್ಮೆ 11 ತಿಂಗಳು ಅಲ್ಲಿದ್ದರೂ ಗೋಧಿ ರೊಟ್ಟಿಯ ರುಚಿ ಕಾಣಲಿಲ್ಲ ಎನ್ನುತ್ತಾನೆ. ಮಲಬಾರ್, ಮಾಲ್ದೀವ್ಸ್, ಸಿಲೋನ್ ಎಂದು ಮೂರು ವರ್ಷ ಬರೀ ಅನ್ನ ತಿಂದು, ಕೊನೆಗೆ ನೀರಿನ ಜೊತೆಗಲ್ಲದೆ ಅದು ಗಂಟಲಿನಿಂದ ಇಳಿಯದಂತಾಯಿತಂತೆ. ಪಾಪ!

ಅವನಿಗೆ ಸಂಕಟವಾದ ಈ ಸಂಗತಿಯೇ ನಮ್ಮ ಮನೆಯ ಒಂದು ಮಗುವಿಗೆ ಆಸರೆಯಾಗಿದೆ. ನನ್ನ ಅಕ್ಕನ ಮಗಳಿಗೆ ಈಗ ಒಂಬತ್ತು ವರ್ಷ. ಎರಡು ವರ್ಷದಿಂದ ಅವಳ ಎತ್ತರ ನಿಂತುಹೋಗಿತ್ತು. ರಕ್ತ ಕಡಿಮೆ, ಹೊಟ್ಟೆ ಉಬ್ಬರ. ಇಬ್ಬರು ವೈದ್ಯರು ಹುಳದ ಮದ್ದು, ಕಬ್ಬಿಣದ ಟಾನಿಕ್ ಕೊಟ್ಟು ಕಳಿಸಿದರು. ಮೂರನೆಯವರು ರಕ್ತಪರೀಕ್ಷೆ, ಎಂಡೋಸ್ಕೋಪಿ ಮಾಡಿಸಿ 'ಸೀಲಿಯಾಕ್' ಎಂದರು. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲುಟೆನ್ ಎಂಬ ಅಂಟು ಆಕೆಯ ಸಣ್ಣ ಕರುಳಿನ ಒಳಪದರವನ್ನು ಹಾಳುಮಾಡುತ್ತದೆ. ಮದ್ದಿಲ್ಲ, ಜೀವಮಾನವಿಡೀ ಬಿಡಬೇಕು. ಅಕ್ಕ ಅಳುತ್ತಾ ಫೋನ್ ಮಾಡಿ ಕೇಳಿದ್ದು ಒಂದೇ ಮಾತು: "ಇನ್ನು ಬೆಳಗ್ಗೆ ಇದಕ್ಕೆ ಎಂತ ಕೊಡುವುದು?" ಬ್ರೆಡ್ಡು, ಪರೋಟ, ಚಪಾತಿ, ಸಜ್ಜಿಗೆ, ಬಿಸ್ಕತ್ತು. ಅವರ ಮನೆಯ ಬೆಳಗ್ಗಿನ ಚಾಯ ಅಂದರೆ ಅಷ್ಟೇ ಆಗಿತ್ತು. ಭಾವ ಗಲ್ಫಿನಿಂದ ಗ್ಲುಟೆನ್ ಇಲ್ಲದ ಬ್ರೆಡ್ಡಿನ ಪೊಟ್ಟಣ ಕಳಿಸಿದರು. ಮಗು ಒಂದು ತುಂಡು ಕಚ್ಚಿ ಬದಿಗಿಟ್ಟಿತು.

ಮಂಜೇಶ್ವರ, ಉಪ್ಪಳದಂಥ ಊರಿನಲ್ಲಿ ಈ ಪ್ರಶ್ನೆ ಹುಟ್ಟುವ ಸ್ಥಿತಿ ಹೇಗೆ ಬಂತು ಎಂದು ನಾನು ಹುಡುಕತೊಡಗಿದ್ದು ಆಗ. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಬೇಕಲ, ಕಾಸರಗೋಡು, ಕುಂಬಳೆ, ಮಂಜೇಶ್ವರ ದಾರಿಯಾಗಿ ಮಂಗಳೂರಿಗೆ ಹೋದ. ಅವನ ಪುಸ್ತಕದಲ್ಲಿ ನಮ್ಮ ಬೈಲು, ಮಜಲು, ಬೆಟ್ಟು ಗದ್ದೆಗಳು ಅದೇ ಹೆಸರಿನಲ್ಲಿವೆ. ನೀರು ನಿಲ್ಲುವ ಬೈಲಿನಲ್ಲಿ ಏಣೆಲು, ಸುಗ್ಗಿ, ಕೊಳಕೆ ಎಂದು ಮೂರು ಬೆಳೆ; ಮಳೆಯನ್ನೇ ನಂಬಿದ ಬೆಟ್ಟಿನಲ್ಲಿ ಒಂದೇ. ಮಂಗಳೂರಿನಿಂದ ಹೊರಹೋಗುತ್ತಿದ್ದ ಮುಖ್ಯ ಸರಕೇ ಅಕ್ಕಿ: ಗೋವಕ್ಕೆ, ಮಲಬಾರಿಗೆ, ಮಸ್ಕತ್ತಿಗೆ. ಬೈಹುಲ್ಲಿನಲ್ಲಿ ಬಿಗಿದು ಕಟ್ಟಿದ ಮುಡಿ, ಮುಡಿಗೆ 42 ಸೇರು. 'ಬ್ಯಾರಿ' ಎಂಬ ಹೆಸರೇ ವ್ಯಾಪಾರವನ್ನು ಹೇಳುವಾಗ, ಈ ಮುಡಿಗಳು ನಮ್ಮವರ ಕೈಯನ್ನೂ ದಾಟಿ ಹೋಗಿವೆ ಎನ್ನಲು ದೊಡ್ಡ ಸಂಶೋಧನೆ ಬೇಡ.

ಆ ಕಾಲದಲ್ಲಿ ಬೆಳಗ್ಗೆ 'ತಿಂಡಿ' ಎಂಬುದು ಹೆಚ್ಚಿನ ಮನೆಗಳಲ್ಲಿ ಇರಲೇ ಇಲ್ಲ. ರಾತ್ರಿ ಉಳಿದ ಕುಚ್ಚಲಕ್ಕಿ ಗಂಜಿ, ಒಂದು ಹಸಿಮೆಣಸು ಅಥವಾ ಸುಟ್ಟ ಒಣಮೀನು, ಮತ್ತೆ ಗದ್ದೆ. ಚಾಯ ಬಂದ ಮೇಲೆ ಅದರ ಜೊತೆಗೆ ಕಚ್ಚಲು ಏನಾದರೂ ಬೇಕಾಯಿತು, ಈಗಲೂ ನಮ್ಮಲ್ಲಿ "ಚಾಯ ಆಯಿತಾ?" ಎಂದರೆ ತಿಂಡಿ ಆಯಿತಾ ಎಂದೇ ಅರ್ಥ. ಹಬ್ಬಕ್ಕೆ, ನೆಂಟರಿಗೆ ಮೀಸಲಾಗಿದ್ದ ಪತ್ತಿರ್, ಪುಂಡಿ, ಶ್ಯಾವಿಗೆಗಳು ಹೀಗೆ ದಿನನಿತ್ಯದ ಬೆಳಗ್ಗಿಗೆ ಇಳಿದು ಬಂದವು.

ಈ ತಿಂಡಿಗಳನ್ನು ಗಮನಿಸಿ ನೋಡಿದರೆ ಒಂದು ವಿಷಯ ಹೊಳೆಯುತ್ತದೆ. ಅಕ್ಕಿಯಲ್ಲಿ ಗೋಧಿಯ ಅಂಟು ಇಲ್ಲ. ತಣ್ಣೀರಿನಲ್ಲಿ ಕಲಸಿದ ಅಕ್ಕಿಹಿಟ್ಟನ್ನು ಲಟ್ಟಿಸಹೋದರೆ ಒಡೆದು ಹೋಗುತ್ತದೆ. ನಮ್ಮ ಹೆಂಗಸರು ಕಂಡುಕೊಂಡ ಉಪಾಯಗಳೆಲ್ಲ ಈ ಒಂದು ಕೊರತೆಗೆ ಕೊಟ್ಟ ಉತ್ತರ. ಕಣ್ಣೂರು ಕಡೆಯ ತೆಳು ಬಿಳಿ ಪತ್ತಿರಿಗೆ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವುತ್ತಾರೆ. ಪಿಷ್ಟ ಬೆಂದು ಅಂಟಾಗಿ ಲಟ್ಟಿಸಲು ಬರುತ್ತದೆ. ನಮ್ಮ ಉಮ್ಮ ಮಾಡುವ ದಪ್ಪ ಪತ್ತಿರಿಗೆ ಬಿಸಿನೀರಿನಲ್ಲಿ ನೆನೆದ ಕುಚ್ಚಲಕ್ಕಿ. ಅದು ಭತ್ತವಿರುವಾಗಲೇ ಒಮ್ಮೆ ಬೆಂದ ಅಕ್ಕಿ, ಹಾಗಾಗಿ ಹಿಡಿತ ಜಾಸ್ತಿ. ತೆಂಗಿನಕಾಯಿ, ಸಣ್ಣ ನೀರುಳ್ಳಿ, ಬಡೆಸೋಂಪು ಸೇರಿಸಿ ಗಟ್ಟಿಯಾಗಿ ಕಡೆದು, ಬಾಳೆಎಲೆಯ ಮೇಲೆ ಕೈಯಲ್ಲೇ ತಟ್ಟಿ ಕಾವಲಿಗೆ ಹಾಕುತ್ತಾರೆ. ನೀರುದೋಸೆಯಲ್ಲಿ ಹಿಟ್ಟು ನೀರಾಗಿರುವುದರಿಂದ ಲಟ್ಟಿಸುವ ಪ್ರಶ್ನೆಯೇ ಇಲ್ಲ. ಪುಂಡಿ ಹಬೆಯಲ್ಲಿ ನಿಲ್ಲುತ್ತದೆ, ಮೂಡೆಗೆ ಎಲೆಯ ಆಧಾರ. ಕಾಸರಗೋಡಿನ ಕಲ್ತಪ್ಪಕ್ಕೆ ಬೆಲ್ಲದ ಪಾಕ, ಹುರಿದ ನೀರುಳ್ಳಿ ಮತ್ತು ತೆಂಗಿನ ಚೂರು. ಅದರೊಳಗಿನ ತೂತುಗಳನ್ನು ನೋಡಿದರೆ ಯಾವ ಬೇಕರಿಯವನೂ ಹೊಟ್ಟೆಕಿಚ್ಚು ಪಡಬೇಕು. 'ಪತ್ತಿರ್' ಎಂಬ ಪದ ಅರಬಿಯ 'ಫತೀರ್'ನಿಂದ, ಅಂದರೆ ಹುಳಿ ಬರಿಸದ ರೊಟ್ಟಿಯಿಂದ, ಬಂತು ಎನ್ನುವವರಿದ್ದಾರೆ. ಅದು ನಿಜವಾದರೆ, ರೊಟ್ಟಿಯ ಆಸೆ ಕಡಲಾಚೆಯಿಂದ ಬಂತು, ಹಿಟ್ಟು ನಮ್ಮ ಗದ್ದೆಯಿಂದ ಎಂದಾಯಿತು.

ಗೋಧಿ ನಮಗೆ ಪೂರ್ತಿ ಅಪರಿಚಿತವೇನಲ್ಲ. ಮಲಬಾರಿನ ಮಾಪ್ಪಿಳ್ಳೆಯರ ಮದುವೆಯಲ್ಲಿ ಗೋಧಿ ಮತ್ತು ಮಾಂಸ ಕಲೆಸಿ ಬೇಯಿಸುವ ಅಲೀಸ ಇದೆ. ಅರಬರ ಹರೀಸ್‌ನ ಸಂತಾನ ಅದು. ಆದರೆ ಅದು ವರ್ಷಕ್ಕೊಮ್ಮೆ ಎರಡು ಸಲದ ಮಾತು. ದಿನದ ಆಹಾರವಾಗಿ ಗೋಧಿ ಬಂದದ್ದು ಹಸಿವಿನ ಬಾಗಿಲಿನಿಂದ. 1942ರಲ್ಲಿ ಜಪಾನ್ ಬರ್ಮಾವನ್ನು ಹಿಡಿದಾಗ ಅಲ್ಲಿನ ಅಕ್ಕಿ ನಿಂತಿತು. ಮದ್ರಾಸ್ ಪ್ರಾಂತ್ಯಕ್ಕೆ, ಅದರೊಳಗಿದ್ದ ನಮ್ಮ ಜಿಲ್ಲೆಗೂ, ಪಡಿತರ ಬಂತು. ಅಕ್ಕಿಯ ಒಂದು ಪಾಲಿಗೆ ಬದಲು ಗೋಧಿ. ಅದನ್ನು ಏನು ಮಾಡಬೇಕೆಂದು ತಿಳಿಯದೆ ಗಂಜಿ ಬೇಯಿಸಿದವರ ಕಥೆಗಳನ್ನು ಹಿರಿಯರಿಂದ ಕೇಳಿದ್ದೇನೆ. 1956ರ ಆಗಸ್ಟಿನಲ್ಲಿ ಭಾರತ ಅಮೆರಿಕದೊಂದಿಗೆ ಪಿಎಲ್ 480ರ ಒಪ್ಪಂದ ಮಾಡಿಕೊಂಡಿತು. ಎರಡು ತಿಂಗಳ ಬಳಿಕ, ನವೆಂಬರ್ 1ಕ್ಕೆ, ಕಾಸರಗೋಡು ಕೇರಳಕ್ಕೆ ಸೇರಿತು. ಗಡಿಯ ಗಲಾಟೆಯಲ್ಲಿ ಹಡಗಿನ ಗೋಧಿಯನ್ನು ಯಾರು ಗಮನಿಸುತ್ತಾರೆ? ನಾವು ಸೇರಿದ್ದು ಅಕ್ಕಿ ಸಾಲದ ರಾಜ್ಯಕ್ಕೆ. ಹಸಿರು ಕ್ರಾಂತಿಯಲ್ಲಿ ದೇಶದ ಗೋಧಿ 1964-65ರ ಸುಮಾರು 12 ಮಿಲಿಯನ್ ಟನ್ನಿನಿಂದ ಐದೇ ವರ್ಷದಲ್ಲಿ 20 ಮಿಲಿಯನ್ ಟನ್ನಿಗೆ ಏರಿತು. ಇತ್ತ ಕೇರಳದಲ್ಲಿ 1970ರ ದಶಕದ ನಡುವೆ 8.8 ಲಕ್ಷ ಹೆಕ್ಟೇರ್ ಇದ್ದ ಭತ್ತದ ಗದ್ದೆ ಈಗ ಸುಮಾರು 2 ಲಕ್ಷ. ಬೈಲುಗಳಿಗೆ ಅಡಿಕೆ ಬಂತು, ಮನೆಗಳು ಬಂದವು. ಗಲ್ಫಿಗೆ ಹೋದವರು ಕುಬ್ಬೂಸಿನ ರುಚಿ ತಂದರು. ಬಡವರ ಪಡಿತರವಾಗಿದ್ದ ಗೋಧಿ ಮೈದಾ ಆಗಿ, ಪರೋಟ ಆಗಿ, ಅಂತಸ್ತಿನ ತಿಂಡಿಯಾಯಿತು. ಎಳೆದಷ್ಟೂ ಹಿಗ್ಗುವ ಆ ಪರೋಟದ ಪದರಗಳೆಲ್ಲ ಗ್ಲುಟೆನ್‌ನದ್ದೇ ಕೆಲಸ. ಪತ್ತಿರ್ ಮುದುಕರ ತಿಂಡಿ ಎನಿಸಿಕೊಂಡಿತು. ನನಗೆ ಇದರಲ್ಲಿ ಬೇಸರ ಆ ಕೊನೆಯ ಮಾತಿನ ಬಗ್ಗೆ ಮಾತ್ರ. ಪರೋಟದ ಮೇಲೆ ನನಗೇನೂ ದ್ವೇಷ ಇಲ್ಲ, ಬೀಫಿನ ಜೊತೆ ನಾನೂ ತಿನ್ನುತ್ತೇನೆ.

ಈ ಕಾಯಿಲೆಗೂ ಗೋಧಿಗೂ ಇರುವ ನಂಟನ್ನು ತೋರಿಸಿದ್ದು ವಿಲ್ಲೆಮ್ ಡಿಕೆ ಎಂಬ ಡಚ್ ಮಕ್ಕಳ ವೈದ್ಯ. 1944-45ರ ಚಳಿಗಾಲದಲ್ಲಿ ಹಾಲೆಂಡಿನಲ್ಲಿ ಬರಗಾಲ ಬಿದ್ದು ಬ್ರೆಡ್ಡು ಸಿಗದಾಯಿತು. ಮೊದಲೇ ಗೋಧಿಯ ಮೇಲೆ ಸಂಶಯವಿದ್ದ ಆತನಿಗೆ, ಬ್ರೆಡ್ಡಿಲ್ಲದ ಆ ದಿನಗಳು ಸಂಶಯವನ್ನು ಗಟ್ಟಿಮಾಡಿದವು. 1950ರಲ್ಲಿ ತನ್ನ ಪ್ರಬಂಧ ಮಂಡಿಸಿದ. ಅಲ್ಲಿ ಯುದ್ಧ ಗೋಧಿಯನ್ನು ಕಿತ್ತುಕೊಂಡಿತು, ಇಲ್ಲಿ ಅದೇ ಯುದ್ಧ ಗೋಧಿಯನ್ನು ತಂದುಕೊಟ್ಟಿತು. ಭಾರತದಲ್ಲಿ 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ ಉತ್ತರದಲ್ಲಿ ನೂರಕ್ಕೆ 1.23 ಜನರಿಗೆ ಸೀಲಿಯಾಕ್ ಇದ್ದರೆ ದಕ್ಷಿಣದಲ್ಲಿ 0.10. ವಂಶವಾಹಿಯ ಒಲವು ಎರಡೂ ಕಡೆ ಹೆಚ್ಚು ಕಡಿಮೆ ಒಂದೇ. ತಿನ್ನುವ ಗೋಧಿಯ ಪ್ರಮಾಣ ಮಾತ್ರ ಬೇರೆ. ಇಲ್ಲಿ ವೈದ್ಯರಿಗೂ ಬೇಗ ನೆನಪಾಗದಿರುವುದಕ್ಕೆ ಆ ಸಣ್ಣ ಸಂಖ್ಯೆಯೇ ಕಾರಣ. ಮಗು ಬೆಳೆಯುತ್ತಿಲ್ಲ, ರಕ್ತ ಏರುತ್ತಿಲ್ಲ ಎಂದರೆ ಒಮ್ಮೆ ಈ ಪರೀಕ್ಷೆಯ ಬಗ್ಗೆ ಕೇಳಿ ನೋಡಿ. ಪರೀಕ್ಷೆಗೆ ಮೊದಲು ಗೋಧಿ ನಿಲ್ಲಿಸಬೇಡಿ, ನಿಲ್ಲಿಸಿದರೆ ಫಲಿತಾಂಶ ತಪ್ಪಬಹುದು.

ಅಕ್ಕನ ಮನೆಗೆ ಈಗ ಉಮ್ಮ ಹೋಗಿ ಕೂತಿದ್ದಾರೆ. ವಾರದಲ್ಲಿ ಎರಡು ದಿನ ಪತ್ತಿರ್, ಒಂದು ದಿನ ಪುಂಡಿ, ನೀರುದೋಸೆ, ಪುಟ್ಟು ಕಡಲೆ. ಶುಕ್ರವಾರ ಮಗಳು ಕೇಳಿದ್ದು. ಕಲ್ತಪ್ಪವನ್ನೇ ಹೆಚ್ಚು ಕೇಳುತ್ತಾಳೆ. ಆದರೆ ಅಕ್ಕಿ ಎಂದ ಮಾತ್ರಕ್ಕೆ ಎಲ್ಲ ಸಲೀಸಲ್ಲ. ಹಿಟ್ಟಿನ ಮಿಲ್ಲಿನಲ್ಲಿ ಮೊದಲು ಗೋಧಿ ಬೀಸಿದ್ದರೆ ನಮ್ಮ ಅಕ್ಕಿಹಿಟ್ಟಿಗೂ ಅದು ಸೇರುತ್ತದೆ. ಹಾಗಾಗಿ ನೆನೆಸಿ ಮನೆಯಲ್ಲೇ ಕಡೆಯುವುದು. ಅಂಗಡಿಯ ಹಿಂಗಿನ ಪುಡಿಯಲ್ಲಿ ಗೋಧಿಹಿಟ್ಟು ಬೆರೆತಿರುವುದುಂಟು. ಅಂಗಡಿಯ ಶ್ಯಾವಿಗೆ ಹೆಚ್ಚಾಗಿ ಗೋಧಿಯದ್ದೇ. ನೈಪತ್ತಿರಿಗೆ ಕೆಲವರು ಮೈದಾ ಸೇರಿಸುತ್ತಾರೆ, ಕೇಳಿಯೇ ತಿನ್ನಬೇಕು. ಹೋಟೆಲಿನಲ್ಲಿ ಪರೋಟ ಸುಟ್ಟ ಕಾವಲಿಯಲ್ಲೇ ದೋಸೆ ಹುಯ್ಯುತ್ತಾರೆ. ಪೊಟ್ಟಣದ ಮೇಲೆ 'ಗ್ಲುಟೆನ್ ಇಲ್ಲ' ಎಂದು ಬರೆಯಲು ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂಬ ಕಾನೂನಿದೆ. ಊರ ಬೇಕರಿಯ ಪೊಟ್ಟಣಕ್ಕೆ ಅದನ್ನು ಯಾರು ನೋಡುತ್ತಾರೆ? ಅವುಗಳ ಮೇಲಿನ ಬರಹ ಬಹುಪಾಲು ಮಲಯಾಳದಲ್ಲಿ. ಕನ್ನಡ ಮಾಧ್ಯಮದಲ್ಲಿ ಓದುವ ಹುಡುಗಿ ಮಲಯಾಳ ಅಕ್ಷರಗಳಲ್ಲಿ ಮೊದಲು ಗುರುತು ಹಿಡಿಯಲು ಕಲಿತದ್ದು 'ಗೋತಂಬು', 'ಮೈದ' ಎಂಬ ಎರಡು ಪದ.

ರಂಜಾನಿನಲ್ಲಿ ಮಸೀದಿಯ ಮೆಂತೆಗಂಜಿಯನ್ನು ಅವಳು ಎರಡು ಬಟ್ಟಲು ಕುಡಿದಳು. ಪಕ್ಕದ ಮನೆಯಿಂದ ಬಂದ ತರಿಗಂಜಿ ರವೆಯದ್ದು. ಉಮ್ಮ ಅದನ್ನು ನನ್ನ ಕೈಗೆ ಕೊಟ್ಟರು.