ಬಾರ್ಕೂರು–ಕುಂದಾಪುರ ಸೀಮೆಯ ಬಸದಿ, ಮಠಗಳ ಕಲೆ ಮತ್ತು ವಾಸ್ತು

ಸೀತಾ ನದಿಯ ದಡದ ಬಾರ್ಕೂರಿನಿಂದ ವಾರಾಹಿ ತೀರದ ಹಟ್ಟಿಯಂಗಡಿ ಹಾಗೂ ಉತ್ತರದ ಬೈಂದೂರಿನವರೆಗೆ, ಮಧ್ಯಯುಗದಲ್ಲಿ ಬೆಳೆದ ಬಸದಿ, ಮಠ ಮತ್ತು ಅವುಗಳ ಒಡನಾಡಿ ಗುಡಿಗಳ ಕಟ್ಟಡ ಪರಂಪರೆ. ಇವು ಇಂದು ಉಡುಪಿ ಜಿಲ್ಲೆಯ ಬ್ರಹ್ಮಾವರ, ಕುಂದಾಪುರ, ಬೈಂದೂರು ತಾಲ್ಲೂಕುಗಳಲ್ಲಿವೆ. ಮೂಡುಬಿದಿರೆಗೆ, ಕಾರ್ಕಳಕ್ಕೆ ಸಿಕ್ಕ ಹೆಸರು ಈ ಭಾಗಕ್ಕೆ ಸಿಕ್ಕಿಲ್ಲ. ಆದರೂ ಮಳೆಗೆ ತಕ್ಕಂತೆ ಕಟ್ಟುವ ಬುದ್ಧಿ ಎಂಥದ್ದೆಂದು ತಿಳಿಯಬೇಕಾದವರು ಮೊದಲು ಬಾರ್ಕೂರಿನ ಪಾಳು ಬಸದಿಯನ್ನೇ ನೋಡಬೇಕು.

ತುಳುನಾಡಿನಲ್ಲಿ ಸಂನ್ಯಾಸಿಗಳ ನೆಲೆಯೊಂದಕ್ಕೆ ತೇದಿ ಸಹಿತ ಸಿಗುವ ಮುಖ್ಯ ಸಾಕ್ಷಿ ಮಂಗಳೂರಿನ ಕದ್ರಿಯದು. ಆಳುಪ ದೊರೆ ಕುಂದವರ್ಮ 968ರಲ್ಲಿ ಅಲ್ಲಿನ ಕದರಿಕಾ ವಿಹಾರದಲ್ಲಿ ಲೋಕೇಶ್ವರನ ಕಂಚಿನ ಮೂರ್ತಿಯನ್ನು ಪ್ರತಿಷ್ಠಾಪಿಸಿದ. ಮುಂದೆ ಆ ನೆಲೆ ನಾಥ ಜೋಗಿಗಳ ಕೈಸೇರಿತು. ಕುಂದಾಪುರದ ಪೂರ್ವಕ್ಕೆ ಘಟ್ಟದ ಬುಡದಲ್ಲಿರುವ ಹಲವರಿ ಮಠ ಇದೇ ನಾಥ ಪರಂಪರೆಯದು. ತ್ರ್ಯಂಬಕೇಶ್ವರದಿಂದ ಕದ್ರಿಗೆ ಹನ್ನೆರಡು ವರ್ಷಕ್ಕೊಮ್ಮೆ ನಡೆದು ಬರುವ ಜೋಗಿಗಳ ಝುಂಡಿ ಇಂದಿಗೂ ಹಲವರಿ ಮಠದಲ್ಲಿ ತಂಗುತ್ತದೆ.

ಆಳುಪರ ರಾಜಧಾನಿ ಬಾರ್ಕೂರಿಗೆ ಬಂದ ಮೇಲೆ ಈ ಸೀಮೆಗೆ ಕಳೆ ಬಂತು. ರಾಣಿ ಬಲ್ಲಮಹಾದೇವಿ 1277ರಿಂದ 1292ರವರೆಗೆ ಇಲ್ಲಿಂದ ಆಳಿದಳು. ಹೊಯ್ಸಳ ಮೂರನೆಯ ಬಲ್ಲಾಳನ ರಾಣಿ, ಆಳುಪ ವಂಶದ ಚಿಕ್ಕಾಯಿತಾಯಿಯ ಕಾಲದ ತರುವಾಯ ಊರು ವಿಜಯನಗರದ ಬಾರಕೂರು ರಾಜ್ಯದ ಕೇಂದ್ರವಾಯಿತು. ಪ್ರವಾಸಿ ಇಬ್ನ್ ಬತೂತ ಹೇಳುವ ಫಾಕನೂರು ಇದೇ ಎಂದು ವಿದ್ವಾಂಸರು ಗುರುತಿಸುತ್ತಾರೆ. ಬಾರ್ಕೂರು, ಬಸ್ರೂರು ಎರಡೂ ರೇವು ಪಟ್ಟಣಗಳು. ಹಟ್ಟಿಯಂಗಡಿಯ ಸುತ್ತ ಹೊನ್ನೆಯಕಂಬಳಿ ಎಂಬ ಬಿರುದಿನ ಜೈನ ಅರಸರಿದ್ದರು. ಬಸದಿಗೆ ಕಲ್ಲು ಹೊರಿಸಿದ ದುಡ್ಡಿನಲ್ಲಿ ಅರಮನೆಯ ಪಾಲಿನಷ್ಟೇ ಅಂಗಡಿಬೀದಿಯ ಪಾಲೂ ಇದ್ದೀತು.

ಕಟ್ಟಡದ ಮಾತಿಗೆ ಬಂದರೆ ಮೊದಲು ಹೇಳಬೇಕಾದದ್ದು ಮುರಕಲ್ಲು. ನೆಲದಡಿ ಇರುವಾಗ ಕೊಡಲಿಗೂ ಮಣಿಯುವ ಈ ಕಲ್ಲು ಗಾಳಿ ತಾಗಿದ ಮೇಲೆ ಗಟ್ಟಿಯಾಗುತ್ತದೆ. 1801ರಲ್ಲಿ ಕುಂದಾಪುರದ ದಾರಿಯಲ್ಲಿ ಹಾದುಹೋದ ಫ್ರಾನ್ಸಿಸ್ ಬುಕಾನನ್ ಇದೇ ಜಾತಿಯ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಆದರೆ ಮೈತುಂಬ ತೂತಿರುವ ಮುರಕಲ್ಲಿನಲ್ಲಿ ನಾಜೂಕು ಕೆತ್ತನೆ ನಿಲ್ಲುವುದಿಲ್ಲ. ಹಾಗಾಗಿ ಇಲ್ಲಿ ಗೋಡೆ ಬೋಳು. ಶಿಲ್ಪಿಯ ಕೈಚಳಕವೆಲ್ಲ ಕರಿಗಲ್ಲಿನ ಬಾಗಿಲುವಾಡ, ಕಂಬಗಳಿಗೆ ಮತ್ತು ಮರದ ತೊಲೆಗಳಿಗೆ ಮೀಸಲು. ಬೈಂದೂರಿನ ಸೇನೇಶ್ವರ ದೇವಾಲಯ ಇದಕ್ಕೆ ಹೊರತು. ಅದರ ಕೆತ್ತನೆ ಘಟ್ಟದ ಮೇಲಿನ ಶೈಲಿಯದು, ಕರಾವಳಿಯಲ್ಲಿ ನೆಂಟನ ಹಾಗೆ ಕಾಣುತ್ತದೆ.

ಎರಡನೆಯದು ಮಾಡು. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ನಾಡಿನಲ್ಲಿ ಚಪ್ಪಟೆ ತಾರಸಿ ಬಾಳದು. ಬಾರ್ಕೂರಿನ ಕತ್ತಲೆ ಬಸದಿಯಲ್ಲಿ ಕಂಬಗಳ ಸಾಲಿನ ಮೇಲೆ ಕಲ್ಲುಚಪ್ಪಡಿಗಳನ್ನೇ ಓರೆಯಾಗಿ ಹೊದಿಸಿದ್ದಾರೆ. ಮರದ ಮಾಡಿನ ರೂಪವನ್ನು ಬಡಗಿಯಿಂದ ಕಲ್ಲುಕುಟಿಗ ಎರವಲು ಪಡೆದದ್ದು ಇಲ್ಲಿ ಎದ್ದು ಕಾಣುತ್ತದೆ. ಒಳಗೆ ಬೆಳಕು ಕಡಿಮೆ, ಹೊರಗೆ ಶಿಖರದ ಆರ್ಭಟವಿಲ್ಲ. ಭಟ್ಕಳದ ಚಂದ್ರನಾಥ ಬಸದಿ ಮತ್ತು ಖೇತಪೈ ನಾರಾಯಣ ದೇವಾಲಯದಲ್ಲೂ ಇದೇ ಉಪಾಯ. ಬಾರ್ಕೂರಿನ ಕೋಟೆಕೇರಿಯ ಪಂಚಲಿಂಗೇಶ್ವರ ದೇವಾಲಯದ ಹಿಂಬದಿ ಉಡುಪಿಯ ಅನಂತೇಶ್ವರದಂತೆ ಆನೆಯ ಬೆನ್ನಿನ ಹಾಗೆ ದುಂಡಗಿದ್ದು, ಗಜಪೃಷ್ಠವೆನಿಸುತ್ತದೆ. ಮಳೆಯ ದೇಶದವರಿಗೆಲ್ಲ ಇದೇ ಪಾಡು: ಐರ್ಲೆಂಡಿನ ಕ್ಯಾಶೆಲ್‌ನಲ್ಲಿ 1134ರಲ್ಲಿ ಪ್ರತಿಷ್ಠೆಯಾದ ಕಾರ್ಮಕ್ ಪ್ರಾರ್ಥನಾಲಯಕ್ಕೂ ಕಡಿದಾದ ಕಲ್ಲಿನ ಮಾಡೇ ಇದೆ.

ಐರ್ಲೆಂಡಿನ ಮಾತು ಇಲ್ಲಿ ಬಂದದ್ದು ಸುಮ್ಮನೆ ಅಲ್ಲ. ವಾಸ್ತು ಇತಿಹಾಸಕಾರ ಜೇಮ್ಸ್ ಫರ್ಗುಸನ್ 1876ರ ತನ್ನ ಗ್ರಂಥದಲ್ಲಿ ತುಳುನಾಡಿನ ಜೈನ ಕಂಬಗಳ ಮೇಲಿನ ಬುಟ್ಟಿಹೆಣಿಗೆಯಂಥ ಚಿತ್ತಾರವನ್ನು ಐರಿಷ್ ಸಂನ್ಯಾಸಿಗಳ ಶಿಲುಬೆ, ಹಸ್ತಪ್ರತಿಗಳಲ್ಲಿನ ಹೆಣಿಗೆಗೆ ಹೋಲಿಸಿದ. ಅದು ಈ ಕರಾವಳಿಗೆ ಹೇಗೆ ಬಂತೆಂದು ತಲೆ ಕೆರೆದುಕೊಂಡು, ಪರ್ಷಿಯಾ, ಸಿರಿಯಾಗಳ ನಂಟಿದ್ದ ಇಲ್ಲಿನ ಕ್ರೈಸ್ತರತ್ತ ಬೊಟ್ಟುಮಾಡಿದ. ಅಷ್ಟು ದೂರ ಹೋಗಬೇಕಾಗಿರಲಿಲ್ಲ. ಕುಂದಾಪುರ, ಬ್ರಹ್ಮಾವರದ ಯಾವ ನಾಗಬನಕ್ಕೆ ಹೋದರೂ ಮೈಗೆ ಮೈ ಹೆಣೆದ ಎರಡು ಹಾವುಗಳ ಕಲ್ಲು ಸಿಗುತ್ತದೆ. ನಾಗಾರಾಧನೆಯ ನಾಗಮಂಡಲದ ರಾತ್ರಿ ವೈದ್ಯ ಸಮುದಾಯದವರು ಬಿಳಿ, ಹಳದಿ, ಕೆಂಪು, ಹಸಿರು, ಕಪ್ಪು ಹುಡಿಯಲ್ಲಿ ಬರೆಯುವುದೂ ಈ ಹೆಣಿಗೆಯನ್ನೇ. ಹಾವಿನ ಮೈ ತನ್ನ ಮೇಲೆ ತಾನೇ ಹಾದು, ಒಮ್ಮೆ ಮೇಲೆ ಒಮ್ಮೆ ಕೆಳಗೆ ನುಸುಳಿ ಗಂಟಾಗುತ್ತದೆ. ಈ ಗಂಟಿಗೆ ಪವಿತ್ರ ಎನ್ನುತ್ತಾರೆ. ಪೂರ್ಣ ಮಂಡಲಕ್ಕೆ 16, ಅರ್ಧಕ್ಕೆ 8, ಕಾಲಿಗೆ 4. ಕಂಬ ಕೆತ್ತಿದವನ ಕಣ್ಣಿಗೆ ಬಾಲ್ಯದಿಂದ ಬಿದ್ದ ಚಿತ್ತಾರ ಇದೇ ಇರಬೇಕು.

ಆದರೆ ಐರಿಷ್ ಸಂನ್ಯಾಸಿಗಳ ನೆಲೆಯಲ್ಲಿ ಇರುವಂಥ ಮಲಗುಕೋಣೆಗಳ ಸಾಲು, ಊಟದ ಚಾವಡಿ ಇಲ್ಲಿನ ಬಸದಿಯಲ್ಲಿ ಸಿಗುವುದಿಲ್ಲ. ಜೈನ ಮುನಿ ಚಾತುರ್ಮಾಸದ ನಾಲ್ಕು ತಿಂಗಳು ಬಿಟ್ಟರೆ ಒಂದೆಡೆ ನಿಲ್ಲುವವನಲ್ಲ. ನೆಲೆನಿಂತವರು ಭಟ್ಟಾರಕರು, ಅವರಿಗೆ ಮಠವಿತ್ತು. ಈಗಿನ ಹೆಬ್ರಿ ತಾಲ್ಲೂಕಿನ ವರಂಗದಲ್ಲಿ, ಕೆರೆಯ ನಡುವಿನ ಬಸದಿಯ ಹತ್ತಿರ ಹುಂಚದ ಜೈನ ಮಠದ ಆಡಳಿತಕ್ಕೆ ಸೇರಿದ ಮಠವಿದೆ.

ವೈದಿಕ ಮಠಗಳ ವಾಸ್ತು ಬೇರೆಯೇ. ಬಾರ್ಕೂರಿನ ಭಂಡಾರಕೇರಿ ಮಠ ಮಧ್ವಾಚಾರ್ಯರ ಗುರು ಅಚ್ಯುತಪ್ರೇಕ್ಷರ ಪರಂಪರೆಯದೆಂದು ಹೇಳಿಕೊಳ್ಳುತ್ತದೆ. ಹಂಗಾರಕಟ್ಟೆಯ ಬಾಳೆಕುದ್ರು ಮಠ ಅದ್ವೈತ ಪರಂಪರೆಯದು. ಕರಾವಳಿಯ ಇಂಥ ಮಠಗಳು ನೋಡಲು ದೊಡ್ಡ ಮನೆಯಂತೆಯೇ ಇರುತ್ತವೆ: ಹೆಬ್ಬಾಗಿಲು, ಜಗಲಿ, ನಡು ಅಂಗಳ, ಒಳಗೆ ದೇವರ ಕೋಣೆ, ಮಗ್ಗುಲಲ್ಲಿ ಹಿಂದಿನ ಯತಿಗಳ ವೃಂದಾವನ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನ ಹೆಂಚಿನ ಕಾರ್ಖಾನೆ ಶುರುವಾದ ಮೇಲೆ ಮುಳಿಹುಲ್ಲಿನ ಮಾಡು ಹೋಗಿ ಹೆಂಚು ಬಂತು.

  

ಈ ಸೀಮೆಯ ಗುಡಿ, ಮೂರ್ತಿಗಳನ್ನು ಊರೂರು ಅಲೆದು ದಾಖಲಿಸಿದವರು ಕಲ್ಯಾಣಪುರದ ಮಿಲಾಗ್ರಿಸ್ ಕಾಲೇಜಿನ ಪ್ರಾಂಶುಪಾಲರಾಗಿದ್ದ ಪಿ. ಗುರುರಾಜ ಭಟ್ಟರು. ತುಳುವ ಇತಿಹಾಸ, ಸಂಸ್ಕೃತಿಯ ಬಗೆಗಿನ ಅವರ ಬೃಹತ್ ಇಂಗ್ಲಿಷ್ ಗ್ರಂಥ 1975ರಲ್ಲಿ ಪ್ರಕಟವಾಯಿತು. ಬಾರ್ಕೂರಿನಲ್ಲಿ ದಿನಕ್ಕೊಂದರಂತೆ 365 ದೇವಾಲಯಗಳಿದ್ದವೆಂಬ ಐತಿಹ್ಯವಿದೆ. ಲೆಕ್ಕ ನಂಬಬೇಕಾಗಿಲ್ಲ, ಆದರೆ ಕೇರಿಕೇರಿಗೂ ಹಳೆಯ ಗುಡಿ ಇರುವುದು ನಿಜ. ಪಾಳುಬಿದ್ದದ್ದು ಅಷ್ಟಿಷ್ಟು ಉಳಿದಿದೆ; ಹೆಚ್ಚು ಅಳಿಸಿಹೋಗುತ್ತಿರುವುದು ಜೀರ್ಣೋದ್ಧಾರದಲ್ಲಿ. ಹಳೆಯ ಮುರಕಲ್ಲಿನ ಗೋಡೆ ಕೆಡವಿ ಹೊಳಪಿನ ಗ್ರಾನೈಟ್ ಹಾಕಿಸುವ ಆಡಳಿತ ಮಂಡಳಿಗಳು, ಮೊದಲ ಕಲ್ಲು ಕೀಳುವ ಮುನ್ನ ಕಟ್ಟಡದ ನಕ್ಷೆ, ಫೋಟೊ ಮತ್ತು ಶಾಸನಗಳ ಪಡಿಯಚ್ಚನ್ನು ತೆಗೆಸಿಡಬೇಕು.