ಅರಗಿನ ತಟ್ಟೆಯಲ್ಲಿ ನುಡಿ: ವಯನಾಡಿನ ನೆಲೆಯಿಂದ

ಹಳೆಯ ಗ್ರಾಮಫೋನ್ ತಟ್ಟೆಗಳ ಸಂಗ್ರಾಹಕರು ಸಾಮಾನ್ಯವಾಗಿ ಅರಸುವುದು ಸಂಗೀತವನ್ನು. ಭಾಷಾಚರಿತ್ರೆಗೆ ಬೇಕಾದ ತಟ್ಟೆಗಳು ಬೇರೆ. ಜಾರ್ಜ್ ಗ್ರಿಯರ್ಸನ್ನರ ಭಾರತೀಯ ಭಾಷಾ ಸಮೀಕ್ಷೆಯ ವ್ಯಾಪ್ತಿಗೆ ಮದರಾಸು ಪ್ರಾಂತ್ಯ ಸೇರಿರಲಿಲ್ಲ. ಆದರೆ ಸಮೀಕ್ಷೆಗೆ ಪೂರಕವಾದ ಧ್ವನಿಮುದ್ರಣ ಅಲ್ಲಿಯೂ ನಡೆಯಿತು. ಆ ತಟ್ಟೆಗಳ ಪಠ್ಯವನ್ನು ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ 1927ರಲ್ಲಿ ಪ್ರಕಟಿಸಿತು. ಮಲಬಾರು ಜಿಲ್ಲೆಯ ಭಾಗವಾಗಿದ್ದ ವಯನಾಡು ಆಗ ಅದೇ ಪ್ರಾಂತ್ಯದಲ್ಲಿತ್ತು.

ನಿಮಿಷಕ್ಕೆ 78 ಸುತ್ತು ತಿರುಗುವ ಅರಗಿನ ತಟ್ಟೆಯ ಒಂದು ಮಗ್ಗುಲು ಹಿಡಿಯುತ್ತಿದ್ದುದು ಮೂರು ನಾಲ್ಕು ನಿಮಿಷಗಳ ಮಾತನ್ನು. ಸಮೀಕ್ಷೆಯ ಮಾದರಿ ಪಠ್ಯ ಬೈಬಲಿನ ತಪ್ಪಿಹೋದ ಮಗನ ಸಾಮ್ಯ. ಕಥೆ ಒಂದೇ ಆದ್ದರಿಂದ ನುಡಿಗಳ ಹೋಲಿಕೆ ಸುಲಭವಾಯಿತು. ಆದರೆ ಜೇನು, ಬೇಟೆ, ಗೆಡ್ಡೆಗೆಣಸಿನ ಪದಗಳಿಗೆ ಆ ಕಥೆಯಲ್ಲಿ ಎಡೆಯಿಲ್ಲ.

ವಯನಾಡಿನ ಕಾಟುನಾಯ್ಕರ ನುಡಿ ಕನ್ನಡಕ್ಕೆ ಹತ್ತಿರದ್ದು. ಶಾಲೆಯ ಲಿಪಿ ಮಲಯಾಳದ್ದು. ಯಾವ ಲಿಪಿಯಲ್ಲಿ ಬರೆದರೂ ದನಿಯ ಏರಿಳಿತ, ಒತ್ತು, ಬಿಡುವುಗಳು ಜಾರಿಹೋಗುತ್ತವೆ. ತಟ್ಟೆ ಅವನ್ನು ಹಿಡಿದಿಡುತ್ತದೆ. ಆದರೆ ಉಕ್ಕಿನ ಮುಳ್ಳು ಪ್ರತಿ ಸಲವೂ ಗೆರೆಯನ್ನು ಸವೆಸುವುದರಿಂದ, ಕೇಳುವುದೆಂದರೆ ತುಸು ಅಳಿಸುವುದೂ ಹೌದು. ಸಮೀಕ್ಷೆಯ ಮುದ್ರಿಕೆಗಳು ಇಂದು ಚಿಕಾಗೊ ವಿಶ್ವವಿದ್ಯಾಲಯದ ಡಿಜಿಟಲ್ ಸಂಗ್ರಹದಲ್ಲಿ ಸವೆಯದೆ ಉಳಿದಿವೆ. ವಯನಾಡಿನಲ್ಲಿ ಹೊಸದಾಗಿ ಧ್ವನಿಮುದ್ರಣಕ್ಕೆ ತೊಡಗುವವರು ಮೊದಲು ಅವನ್ನು ಆಲಿಸಬೇಕು. ಕಥೆಯ ಆಯ್ಕೆಯನ್ನು ಮಾತ್ರ ಆಡುವವರಿಗೇ ಬಿಡಬೇಕು.